ಶೀಲ್ಡ್ ಪಂದ್ಯವನ್ನು ನೋಡುವ ಬಗೆ: ಮ್ಯಾಂಚೆಸ್ಟರ್‌ನ ಎರಡು ತಂಡಗಳು, ಲೀಗ್‌ಗೆ ಮುಂಚಿನ ಒಂದು ಪಂದ್ಯ

2024ರ ಆಗಸ್ಟ್ 10ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಋತುವನ್ನು ತೆರೆಯುವ ಕಮ್ಯುನಿಟಿ ಶೀಲ್ಡ್ ಪಂದ್ಯದಲ್ಲಿ, ಮ್ಯಾಂಚೆಸ್ಟರ್ ಸಿಟಿ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಎದುರುಬದುರಾದವು. ಎಂಬತ್ತು ನಿಮಿಷ ಕಳೆದರೂ ಗೋಲಿಲ್ಲ. 82ನೇ ನಿಮಿಷದಲ್ಲಿ ಯುನೈಟೆಡ್‌ನ ಬದಲಿ ಆಟಗಾರ ಅಲೆಹಾಂಡ್ರೊ ಗರ್ನಾಚೊ ಬದಿಯಿಂದ ಒಳನುಗ್ಗಿ ಚೆಂಡನ್ನು ಬಲೆಗೆ ಸೇರಿಸಿದ. 89ನೇ ನಿಮಿಷದಲ್ಲಿ ಆಸ್ಕರ್ ಬಾಬ್ ಕೊಟ್ಟ ಕ್ರಾಸ್‌ಗೆ ಬರ್ನಾರ್ಡೊ ಸಿಲ್ವ ತಲೆಯೊಡ್ಡಿ ಸಮ ಮಾಡಿದ. ಹೆಚ್ಚುವರಿ ಸಮಯ ಆಡಿಸದೆ ನೇರವಾಗಿ ಪೆನಾಲ್ಟಿಗೆ, ಅಂದರೆ ಒಬ್ಬೊಬ್ಬರಾಗಿ ಗೋಲ್‌ಕೀಪರ್ ಎದುರು ಒದೆಯುವ ಸರದಿಗೆ, ಹೋದರು. 7-6ರಿಂದ ಸಿಟಿ ಗೆದ್ದಿತು.

ಮೊದಲ ಸಲ ಇಂಥ ಪಂದ್ಯ ನೋಡುವವರಿಗೆ ಹಲವು ಗೊಂದಲಗಳು ಎದುರಾಗುತ್ತವೆ. ನಾಲ್ಕು ವರ್ಷ ಸತತವಾಗಿ ಲೀಗ್ ಗೆದ್ದ ತಂಡ ಕೆವಿನ್ ಡಿ ಬ್ರೂಯ್ನನನ್ನು ಬೆಂಚಿನಲ್ಲಿ ಕೂರಿಸಿ, ಹತ್ತೊಂಬತ್ತರ ಹುಡುಗ ನಿಕೊ ಒರೈಲಿಯನ್ನು ಆಡಿಸಿದ್ದೇಕೆ? ರೊಡ್ರಿ, ಫೋಡನ್, ವಾಕರ್ ಎಲ್ಲಿ? ಸೋತ ಯುನೈಟೆಡ್ ಅಭಿಮಾನಿಗಳು ಹಾಗೆ ಕಂಗಾಲಾಗಲಿಲ್ಲವೇಕೆ? ಇದು ಫೈನಲ್ಲೋ, ಸ್ನೇಹಪಂದ್ಯವೋ?

ಕಮ್ಯುನಿಟಿ ಶೀಲ್ಡ್ ಎಂಬುದು ಪ್ರಶಸ್ತಿ ಇಟ್ಟು ನಡೆಸುವ ತಾಲೀಮು. ಬೆಳ್ಳಿಯ ಫಲಕ ನಿಜವಾದದ್ದು, ತೀರ್ಪುಗಾರರು ತೋರಿಸುವ ಕೆಂಪು ಕಾರ್ಡೂ ನಿಜವಾದದ್ದು. ಆದರೆ ಆಡುವ ದೇಹಗಳು ಇನ್ನೂ ಸಿದ್ಧವಾಗುತ್ತಿರುತ್ತವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪಂದ್ಯದ ಬಹುಪಾಲು ವಿಚಿತ್ರಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಇದನ್ನು ಮರೆತವರು ಪ್ರತಿ ಆಗಸ್ಟ್‌ನಲ್ಲೂ ತಪ್ಪು ಭವಿಷ್ಯ ಹೇಳುತ್ತಾರೆ.

ಯಾರು ಆಡುತ್ತಾರೆ, ಯಾಕೆ

ನಿಯಮ ಸರಳ. ಹಿಂದಿನ ಋತುವಿನ ಪ್ರೀಮಿಯರ್ ಲೀಗ್ ಚಾಂಪಿಯನ್ ಒಂದು ಕಡೆ, ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ನಡೆಸುವ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದ ತಂಡ ಇನ್ನೊಂದು ಕಡೆ. ಎರಡನ್ನೂ ಒಂದೇ ತಂಡ ಗೆದ್ದಿದ್ದರೆ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದವರಿಗೆ ಕರೆ ಬರುತ್ತದೆ. ಕಪ್ ಫೈನಲ್‌ನಲ್ಲಿ ಸೋತವರಿಗೆ ಅವಕಾಶವಿಲ್ಲ. 2019ರಲ್ಲಿ ಸಿಟಿ ಎರಡೂ ಪ್ರಶಸ್ತಿ ಹೊತ್ತೊಯ್ದಿತ್ತು. 98 ಅಂಕಗಳ ಸಿಟಿಗೆ 97 ಅಂಕ ಗಳಿಸಿ ಎರಡನೆಯದಾಗಿದ್ದ ಲಿವರ್‌ಪೂಲ್ ಎದುರಾಳಿಯಾಯಿತು. 2023ರಲ್ಲಿ ಸಿಟಿ ಮತ್ತೆ ಎರಡನ್ನೂ ಗೆದ್ದಾಗ ಆರ್ಸೆನಲ್ ಬಂದಿತು.

ಕಪ್ ಗೆಲ್ಲುವುದಕ್ಕೆ ಲೀಗ್‌ನಲ್ಲಿ ಮೇಲಿರಬೇಕೆಂದೇನೂ ಇಲ್ಲ. 2013ರಲ್ಲಿ ವಿಗನ್ ಅಥ್ಲೆಟಿಕ್ ಕಪ್ ಗೆದ್ದ ಕೆಲವೇ ದಿನಗಳಲ್ಲಿ ಪ್ರೀಮಿಯರ್ ಲೀಗ್‌ನಿಂದಲೇ ಕೆಳಕ್ಕಿಳಿಯಿತು. ಆ ಆಗಸ್ಟ್‌ನಲ್ಲಿ ಎರಡನೇ ದರ್ಜೆಯ ತಂಡವಾಗಿಯೇ ವೆಂಬ್ಲಿಗೆ ಬಂದು ಯುನೈಟೆಡ್ ಎದುರು 2-0ಯಿಂದ ಸೋತಿತು. 2025ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ತನ್ನ ಮೊದಲ ದೊಡ್ಡ ಪ್ರಶಸ್ತಿಯಾಗಿ ಎಫ್‌ಎ ಕಪ್ ಗೆದ್ದು ಬಂದು, ಚಾಂಪಿಯನ್ ಲಿವರ್‌ಪೂಲನ್ನು ಪೆನಾಲ್ಟಿಯಲ್ಲಿ 3-2ರಿಂದ ಸೋಲಿಸಿ ಶೀಲ್ಡನ್ನೂ ಮನೆಗೊಯ್ದಿತು.

ಹಾಗಾಗಿ ಬದ್ಧ ವೈರಿಗಳೇ ಎದುರಾಗುವುದು ಕಾಕತಾಳೀಯ. ಒಂದೇ ಊರಿನ ಎರಡು ತಂಡಗಳು ಒಂದೇ ವರ್ಷ ಒಂದೊಂದು ಪ್ರಶಸ್ತಿ ಹಂಚಿಕೊಳ್ಳಬೇಕು, ಇಲ್ಲವೇ ಒಂದು ಎರಡನ್ನೂ ಗೆದ್ದು ಇನ್ನೊಂದು ಲೀಗ್‌ನಲ್ಲಿ ಎರಡನೆಯದಾಗಬೇಕು. 1991ರಲ್ಲಿ ಉತ್ತರ ಲಂಡನ್ನಿನ ಆರ್ಸೆನಲ್ ಮತ್ತು ಟಾಟನ್‌ಹ್ಯಾಮ್ ಎದುರಾಗಿ 0-0 ಆಡಿದವು. ಎಂಬತ್ತರ ದಶಕದಲ್ಲಿ ಲಿವರ್‌ಪೂಲ್ ನಗರದ ಎರಡು ತಂಡಗಳಿಗೆ ಇದು ಅಭ್ಯಾಸವೇ ಆಗಿತ್ತು. 1984ರಲ್ಲಿ ಬ್ರೂಸ್ ಗ್ರೊಬೆಲರ್‌ನ ಸ್ವಂತ ಗೋಲಿನಿಂದ ಎವರ್ಟನ್ 1-0 ಗೆದ್ದರೆ, 1986ರಲ್ಲಿ 1-1 ಆಗಿ ಇಬ್ಬರೂ ಶೀಲ್ಡ್ ಹಂಚಿಕೊಂಡರು. ಇನ್ನೂ ಹಿಂದಕ್ಕೆ ಹೋದರೆ 1966ರ ಆಗಸ್ಟ್‌ನಲ್ಲಿ ಎವರ್ಟನ್‌ನ ಗುಡಿಸನ್ ಪಾರ್ಕ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯಕ್ಕೆ ಮುಂಚೆ ಲೀಗ್ ಟ್ರೋಫಿ, ಎಫ್‌ಎ ಕಪ್, ಜೊತೆಗೆ ಎರಡು ವಾರದ ಹಿಂದಷ್ಟೇ ಇಂಗ್ಲೆಂಡ್ ಗೆದ್ದಿದ್ದ ವಿಶ್ವಕಪ್, ಮೂರನ್ನೂ ಮೆರವಣಿಗೆ ಮಾಡಿದರು. ಅಂಥ ದೃಶ್ಯ ಇನ್ನೊಂದು ಊರಿಗೆ ಸಿಕ್ಕಿದ್ದಿಲ್ಲ.

ಮ್ಯಾಂಚೆಸ್ಟರ್‌ನ ತಂಡಗಳು ಈ ಪಂದ್ಯದಲ್ಲಿ ಎದುರಾದದ್ದು ಮೂರು ಸಲ: 1956, 2011, 2024. ಮೊದಲನೆಯದು ಸಿಟಿಯ ಹಳೆಯ ಮೈದಾನ ಮೇನ್ ರೋಡ್‌ನಲ್ಲಿ, ಅಕ್ಟೋಬರ್ ತಿಂಗಳ ರಾತ್ರಿ, ದೀಪದ ಬೆಳಕಿನಲ್ಲಿ ನಡೆಯಿತು. ಯುನೈಟೆಡ್ ಗೋಲ್‌ಕೀಪರ್‌ಗೆ ಪೆಟ್ಟಾಗಿ, ಹದಿನಾರರ ಡೇವಿಡ್ ಗ್ಯಾಸ್ಕೆಲ್ ಬದಲಿಯಾಗಿ ಬಂದ. ಒಂದೂ ಗೋಲು ಬಿಡಲಿಲ್ಲ, ಡೆನಿಸ್ ವಯೊಲೆಟ್‌ನ ಗೋಲಿನಿಂದ ಯುನೈಟೆಡ್ ಗೆದ್ದಿತು. ಆ ಕ್ಲಬ್‌ನ ಪರ ಆಡಿದ ಅತಿ ಕಿರಿಯ ಆಟಗಾರ ಎಂಬ ಹೆಸರು ಗ್ಯಾಸ್ಕೆಲ್‌ನದು.

2024ರ ಪಂದ್ಯಕ್ಕೆ ಇನ್ನೊಂದು ಖಾರವಿತ್ತು. ಮೇ 25ರಂದು ಇದೇ ವೆಂಬ್ಲಿಯಲ್ಲಿ, ಎಫ್‌ಎ ಕಪ್ ಫೈನಲ್‌ನಲ್ಲಿ, ಯುನೈಟೆಡ್ ಸಿಟಿಯನ್ನು 2-1ರಿಂದ ಸೋಲಿಸಿತ್ತು. ಯುನೈಟೆಡ್‌ಗೆ ಶೀಲ್ಡ್‌ನ ಟಿಕೆಟ್ ಸಿಕ್ಕಿದ್ದೇ ಸಿಟಿಯನ್ನು ಸೋಲಿಸಿದ್ದರಿಂದ.

ದಾನದ ಪಂದ್ಯ

ಇದರ ಮೂಲ ಹೆಸರು ಚಾರಿಟಿ ಶೀಲ್ಡ್. ಮೊದಲ ಪಂದ್ಯ 1908ರದು. ಫುಟ್‌ಬಾಲ್ ಲೀಗ್ ಗೆದ್ದ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಸದರ್ನ್ ಲೀಗ್ ಗೆದ್ದ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಏಪ್ರಿಲ್‌ನಲ್ಲಿ ಸ್ಟ್ಯಾಂಫರ್ಡ್ ಬ್ರಿಜ್‌ನಲ್ಲಿ 1-1 ಆಡಿದವು. ಮರುಪಂದ್ಯ ಆಗಸ್ಟ್ ಕೊನೆಯಲ್ಲಿ ನಡೆದು ಯುನೈಟೆಡ್ 4-0 ಗೆದ್ದಿತು. ಮುಂದಿನ ಕೆಲವು ದಶಕ ಇದಕ್ಕೆ ಗಟ್ಟಿ ರೂಪವೇ ಇರಲಿಲ್ಲ. ಒಂದು ವರ್ಷ ಹವ್ಯಾಸಿಗಳಿಗೂ ವೃತ್ತಿಪರರಿಗೂ ಪಂದ್ಯ; 1950ರಲ್ಲಿ ಇಂಗ್ಲೆಂಡಿನ ವಿಶ್ವಕಪ್ ತಂಡಕ್ಕೂ ಕೆನಡಾ ಪ್ರವಾಸ ಮಾಡಿದ ತಂಡಕ್ಕೂ ಪಂದ್ಯ. 1961ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದ ಟಾಟನ್‌ಹ್ಯಾಮ್‌ಗೆ ಎದುರಾಳಿಯೇ ಸಿಗದಂತಾಗಿ ಫುಟ್‌ಬಾಲ್ ಅಸೋಸಿಯೇಷನ್ ಸಂಸ್ಥೆಯೇ ಒಂದು ತಂಡ ಕಟ್ಟಿ ಆಡಿಸಿತು. ಲೀಗ್ ಚಾಂಪಿಯನ್ ಎದುರು ಕಪ್ ವಿಜೇತ ಎಂಬ ಪದ್ಧತಿ 1930ರಿಂದ ಬಹುಮಟ್ಟಿಗೆ ನೆಲೆಗೊಂಡಿತು. ಋತುವಿನ ಆರಂಭಕ್ಕೆ ಬಂದು ನಿಂತದ್ದು 1959ರಲ್ಲಿ.

ವೆಂಬ್ಲಿಗೆ ಸ್ಥಳಾಂತರವಾದದ್ದು 1974ರಲ್ಲಿ. ಆಗ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿದ್ದ ಟೆಡ್ ಕ್ರೋಕರ್ ಅವರ ಯೋಚನೆಯದು. ಅದಕ್ಕೆ ಮುಂಚಿನ ವರ್ಷಗಳಲ್ಲಿ ದೊಡ್ಡ ತಂಡಗಳು ಪಂದ್ಯವನ್ನೇ ನಿರಾಕರಿಸುತ್ತಿದ್ದವು. 1971ರಲ್ಲಿ ಎರಡೂ ಪ್ರಶಸ್ತಿ ಗೆದ್ದ ಆರ್ಸೆನಲ್ ಬಾರದೆ ಲೆಸ್ಟರ್‌ ತಂಡ ಲಿವರ್‌ಪೂಲ್ ಜೊತೆ ಆಡಿತು. ವೆಂಬ್ಲಿಯ ಮೊದಲ ಪಂದ್ಯ ಲೀಡ್ಸ್ ಮತ್ತು ಲಿವರ್‌ಪೂಲ್ ನಡುವೆ. ಅದು ಇತಿಹಾಸದಲ್ಲಿ ಉಳಿದದ್ದು ಕೆಟ್ಟ ಕಾರಣಕ್ಕೆ. ಲೀಡ್ಸ್ ನಾಯಕ ಬಿಲ್ಲಿ ಬ್ರೆಮ್ನರ್ ಮತ್ತು ಲಿವರ್‌ಪೂಲ್‌ನ ಕೆವಿನ್ ಕೀಗನ್ ಕೈಕೈ ಮಿಲಾಯಿಸಿ ಹೊರಹಾಕಿಸಿಕೊಂಡರು. ಹೋಗುವಾಗ ಅಂಗಿ ಕಳಚಿ ಎಸೆದರು. ಇಬ್ಬರ ಮೇಲೂ ಹಲವು ಪಂದ್ಯಗಳ ದೀರ್ಘ ನಿಷೇಧ ಬಿದ್ದಿತು. ‘ಇದೊಂದು ಸ್ನೇಹಪಂದ್ಯ ತಾನೆ’ ಎನ್ನುವವರಿಗೆ ಈ ಪ್ರಸಂಗವೇ ಉತ್ತರ. ಶೀಲ್ಡ್‌ನಲ್ಲಿ ಮಾಡಿದ ತಪ್ಪಿಗೆ ಲೀಗ್‌ನಲ್ಲಿ ದಂಡ ಕಟ್ಟಬೇಕಾಯಿತು.

ಹೆಸರು ಬದಲಾದದ್ದು 2002ರಲ್ಲಿ, ಅದೂ ಹಣದ ಲೆಕ್ಕದಿಂದ. ಟಿಕೆಟ್ ಹಣದಲ್ಲಿ ಎಷ್ಟು ಭಾಗ ದಾನಕ್ಕೆ ಹೋಗುತ್ತದೆಂದು ಸಂಸ್ಥೆ ಸ್ಪಷ್ಟವಾಗಿ ಹೇಳುತ್ತಿಲ್ಲ, ಪಾವತಿಯೂ ತಡವಾಗುತ್ತಿದೆ ಎಂದು ಅಲ್ಲಿನ ಚಾರಿಟಿ ಆಯೋಗ ಕಂಡುಕೊಂಡಿತು. ‘ಚಾರಿಟಿ’ ಹೋಗಿ ‘ಕಮ್ಯುನಿಟಿ’ ಬಂತು. ಈಗಿನ ಏರ್ಪಾಡಿನಲ್ಲಿ ಟಿಕೆಟ್ ಮತ್ತು ಪಂದ್ಯದ ಪುಸ್ತಿಕೆ ಮಾರಾಟದ ಹಣ ಎಫ್‌ಎ ಕಪ್‌ನ ಮೊದಲ ಸುತ್ತಿನಿಂದ ಮೇಲೆ ಆಡಿದ 124 ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ, ಅವು ತಮ್ಮ ಊರಿನ ಕೆಲಸಗಳಿಗೆ ಅದನ್ನು ಕೊಡುತ್ತವೆ. ಉಳಿದದ್ದು ಸಂಸ್ಥೆಯ ಜೊತೆಗೂಡಿದ ದತ್ತಿಸಂಸ್ಥೆಗಳಿಗೆ. 124ರ ಲೆಕ್ಕ ಹೀಗೆ: ಮೊದಲ ಸುತ್ತಿನ 80 ತಂಡಗಳು, ಮೂರನೇ ಸುತ್ತಿಗೆ ಸೇರಿಕೊಳ್ಳುವ ಮೇಲಿನ ಎರಡು ದರ್ಜೆಗಳ 44 ತಂಡಗಳು. ವೆಂಬ್ಲಿಯಲ್ಲಿ ಮ್ಯಾಂಚೆಸ್ಟರ್ ಅಭಿಮಾನಿ ಕೊಂಡ ಟಿಕೆಟ್‌ನ ಒಂದು ಪಾಲು ಯಾವುದೋ ಸಣ್ಣ ಊರಿನ ಮಕ್ಕಳ ಮೈದಾನಕ್ಕೆ ಸೇರಬಹುದು. ಈ ಪಂದ್ಯವನ್ನು ಎತ್ತಿಬಿಸಾಡಿ ಎನ್ನುವವರು ಈ ಲೆಕ್ಕವನ್ನು ಹೇಳುವುದೇ ಇಲ್ಲ.

ದೇಹದ ಲೆಕ್ಕ

ಪಂದ್ಯದ ನಿಜವಾದ ತಿರುಳು ಇಲ್ಲಿದೆ. ಲೀಗ್ ಮೇ ಕೊನೆಗೆ ಮುಗಿಯುತ್ತದೆ. ರಾಷ್ಟ್ರೀಯ ತಂಡಗಳ ಟೂರ್ನಿ ಇಲ್ಲದ ಬೇಸಿಗೆಯಲ್ಲಿ ಆಟಗಾರರು ಜುಲೈ ಮೊದಲ ಅಥವಾ ಎರಡನೇ ವಾರ ಮರಳುತ್ತಾರೆ. ಲೀಗ್ ಶುರುವಾಗುವ ತನಕ ಐದಾರು ವಾರ ಸಿಗುತ್ತದೆ. ಮೊದಲ ದಿನಗಳಲ್ಲಿ ತೂಕ, ಕೊಬ್ಬಿನಂಶ, ಹೃದಯ, ಸ್ನಾಯುಬಲದ ಪರೀಕ್ಷೆ. ಆಮೇಲೆ ದಿನಕ್ಕೆ ಎರಡು ಹೊತ್ತು ತರಬೇತಿ. ಅಭ್ಯಾಸ ಪಂದ್ಯಗಳಲ್ಲಿ ಆಡುವ ಅವಧಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ: ಮೊದಲು ಅರ್ಧ ಪಂದ್ಯ, ಆಮೇಲೆ ಅರವತ್ತು ನಿಮಿಷ, ಮತ್ತೆ ಎಪ್ಪತ್ತೈದು, ಕೊನೆಗೆ ಪೂರ್ತಿ. ಬೆನ್ನಿನ ಮೇಲ್ಭಾಗದಲ್ಲಿ ಕಟ್ಟುವ ಜಿಪಿಎಸ್ ಸಾಧನ ಒಬ್ಬೊಬ್ಬರೂ ಎಷ್ಟು ದೂರ, ಎಷ್ಟು ವೇಗದಲ್ಲಿ, ಎಷ್ಟು ಸಲ ಓಡಿದರೆಂದು ದಾಖಲಿಸುತ್ತದೆ. ಓಟದ ಒಟ್ಟು ದೂರಕ್ಕಿಂತ ಪೂರ್ಣ ವೇಗದ ಓಟಗಳ ಸಂಖ್ಯೆಯ ಮೇಲೆ ತರಬೇತುದಾರರ ಕಣ್ಣು ಹೆಚ್ಚು, ಏಕೆಂದರೆ ತೊಡೆಯ ಹಿಂಬದಿಯ ಸ್ನಾಯು ಹರಿಯುವುದು ಹೆಚ್ಚಾಗಿ ಆ ವೇಗದಲ್ಲೇ. ಬೇಸಿಗೆಯಿಡೀ ಅಷ್ಟು ವೇಗವಾಗಿ ಓಡದ ಕಾಲನ್ನು ಒಮ್ಮೆಲೇ ವೆಂಬ್ಲಿಯಲ್ಲಿ ಓಡಿಸಿದರೆ ಎರಡು ತಿಂಗಳು ಆಟಗಾರನೇ ಇಲ್ಲ.

ಟೂರ್ನಿ ಇದ್ದ ಬೇಸಿಗೆಯಲ್ಲಿ ಈ ಲೆಕ್ಕ ಇನ್ನೂ ಬಿಗಿ. ಯೂರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿಯಾದ ಯೂರೊದ 2024ರ ಫೈನಲ್ ಜುಲೈ 14ರಂದು ನಡೆಯಿತು. ಆ ಪಂದ್ಯದಲ್ಲಿ ಸ್ಪೇನ್ ಪರ ರೊಡ್ರಿ, ಇಂಗ್ಲೆಂಡ್ ಪರ ವಾಕರ್, ಸ್ಟೋನ್ಸ್, ಫೋಡನ್ ಆಡಿದರು. ನಾಲ್ವರೂ ಸಿಟಿಯವರು. ಶೀಲ್ಡ್‌ಗೆ ಉಳಿದದ್ದು 27 ದಿನ. ಅದರಲ್ಲಿ ಕಡಿಮೆಯೆಂದರೂ ಮೂರು ವಾರ ರಜೆ ಬೇಕು. ನಾಲ್ವರಲ್ಲಿ ಯಾರೂ ಆಡಲಿಲ್ಲ. ಒರೈಲಿ, ಜೇಮ್ಸ್ ಮ್ಯಾಕಟೀ, ಬಾಬ್ ಇವರಿಗೆ ಆರಂಭದ ಹನ್ನೊಂದರಲ್ಲಿ ಜಾಗ ಸಿಕ್ಕಿದ್ದು ಹೀಗೆ. ಅವರು ಕ್ಲಬ್‌ನ ಅಮೆರಿಕ ಪ್ರವಾಸದಲ್ಲಿ ಆಡಿ ಬಂದಿದ್ದರು. ಆ ದಿನದ ಮಟ್ಟಿಗೆ ಹೆಸರಾಂತರಿಗಿಂತ ಅವರ ಕಾಲು ಹದವಾಗಿತ್ತು.

ಯುನೈಟೆಡ್‌ನದು ಬೇರೆ ಬಗೆಯ ಕಷ್ಟ. ಲಿಲ್ ಕ್ಲಬ್‌ನಿಂದ ಹೊಸದಾಗಿ ಕೊಂಡ ಡಿಫೆಂಡರ್ ಲೆನಿ ಯೊರೊ ಮತ್ತು ಮುಂಚೂಣಿಯ ರಾಸ್ಮುಸ್ ಹೊಯ್ಲುಂಡ್ ಇಬ್ಬರೂ ಲಾಸ್ ಏಂಜಲೀಸ್‌ನ ಒಂದೇ ಅಭ್ಯಾಸ ಪಂದ್ಯದಲ್ಲಿ ಗಾಯಗೊಂಡರು. ಒಬ್ಬನಿಗೆ ಪಾದದ ಮೂಳೆ, ಇನ್ನೊಬ್ಬನಿಗೆ ತೊಡೆಯ ಸ್ನಾಯು. ಹಾಗಾಗಿ ವೆಂಬ್ಲಿಯಲ್ಲಿ ಯುನೈಟೆಡ್ ನಿಜವಾದ ಸ್ಟ್ರೈಕರ್ ಇಲ್ಲದೆ ಆಡಿತು. ಅವಕಾಶಗಳು ಬಂದವು, ಮುಗಿಸುವವರಿರಲಿಲ್ಲ.

ದೇಹ ಅರೆಸಿದ್ಧವಾಗಿದ್ದರೆ ಮೊದಲು ಕುಸಿಯುವುದು ಪ್ರೆಸ್ಸಿಂಗ್, ಅಂದರೆ ಎದುರಾಳಿಯ ಕಾಲಲ್ಲಿ ಚೆಂಡಿದ್ದಾಗ ಒಟ್ಟಾಗಿ ಮೇಲೇರಿ ಮುತ್ತುವ ಆಟ. ಅದು ಹತ್ತು ಮಂದಿ ಒಂದೇ ಕ್ಷಣಕ್ಕೆ ಚಲಿಸಿದರಷ್ಟೇ ಫಲಿಸುತ್ತದೆ. ಮುಂದಿನ ಮೂವರು ಓಡಿ, ಹಿಂದಿನ ಮಿಡ್‌ಫೀಲ್ಡರ್ ಎರಡು ಹೆಜ್ಜೆ ತಡಮಾಡಿದರೆ ನಡುವೆ ಬಯಲು ತೆರೆದುಕೊಳ್ಳುತ್ತದೆ. ಅರವತ್ತನೇ ನಿಮಿಷದ ಆಚೆ ಆ ಬಯಲು ಟಿವಿಯಲ್ಲೇ ಕಾಣಿಸುತ್ತದೆ. 2024ರ ಎರಡೂ ಗೋಲುಗಳು ಎಂಬತ್ತನೇ ನಿಮಿಷದ ನಂತರ ಬಂದವು. 2023ರಲ್ಲಿ ಕೋಲ್ ಪಾಮರ್ 77ನೇ ನಿಮಿಷದಲ್ಲಿ ಹೊಡೆದರೆ, ಆರ್ಸೆನಲ್‌ನ ಟ್ರೊಸಾರ್ಡ್ ಸಮ ಮಾಡಿದ್ದು ಪೋಲಾದ ಸಮಯಕ್ಕೆಂದು ಕೊನೆಗೆ ಸೇರಿಸಿದ ನಿಮಿಷಗಳಲ್ಲಿ, ಆಟ ಶುರುವಾಗಿ ನೂರು ನಿಮಿಷ ದಾಟಿದ ಮೇಲೆ. ಪ್ರತಿ ಸಲವೂ ಹೀಗೇ ಆಗುವುದಿಲ್ಲ. 2025ರಲ್ಲಿ ಲಿವರ್‌ಪೂಲ್ ಮತ್ತು ಪ್ಯಾಲೇಸ್ ನಡುವೆ ಮೊದಲ 21 ನಿಮಿಷದಲ್ಲೇ ಮೂರು ಗೋಲು ಬಂದವು. ಅಲ್ಲಿ ದಣಿವಿಗಿಂತ, ಒಬ್ಬರಿಗೊಬ್ಬರು ಹೊಸಬರಾದ ಲಿವರ್‌ಪೂಲ್ ಡಿಫೆನ್ಸ್‌ನ ಹೊಂದಾಣಿಕೆಯ ಕೊರತೆ ಎದ್ದು ಕಂಡಿತು. ಅದೂ ಆಗಸ್ಟ್‌ನ ರೋಗವೇ.

2011ರ ವಿರಾಮದಲ್ಲಿ ನಡೆದದ್ದು

ಮ್ಯಾಂಚೆಸ್ಟರ್‌ನ ಮೂರು ಶೀಲ್ಡ್ ಪಂದ್ಯಗಳಲ್ಲಿ ಒಂದನ್ನು ಮಾತ್ರ ಮತ್ತೆ ನೋಡಿ ಎಂದರೆ 2011ರದನ್ನು ನೋಡಬೇಕು. ಯುನೈಟೆಡ್ ಲೀಗ್ ಚಾಂಪಿಯನ್. ಸಿಟಿ 35 ವರ್ಷಗಳ ನಂತರ ಒಂದು ದೊಡ್ಡ ಪ್ರಶಸ್ತಿ, ಎಫ್‌ಎ ಕಪ್, ಗೆದ್ದು ಬಂದಿತ್ತು. ಆ ಹಾದಿಯಲ್ಲಿ ಸೆಮಿಫೈನಲ್‌ನಲ್ಲಿ ಯುನೈಟೆಡನ್ನೇ ಹೊಡೆದುಹಾಕಿತ್ತು.

ಆಗಸ್ಟ್ 7ರಂದು ಮೊದಲಾರ್ಧ ಮುಗಿದಾಗ ಸಿಟಿ 2-0 ಮುಂದಿತ್ತು. ಒಂದು ಗೋಲು ಡೇವಿಡ್ ಸಿಲ್ವನ ಫ್ರೀಕಿಕ್‌ಗೆ ಲೆಸ್ಕಾಟ್ ತಲೆಯೊಡ್ಡಿದ್ದು, ಇನ್ನೊಂದು ಜೆಕೊ ದೂರದಿಂದ ಬಾರಿಸಿದ್ದು. ಎರಡರಲ್ಲೂ ಯುನೈಟೆಡ್‌ನ ಹೊಸ ಗೋಲ್‌ಕೀಪರ್ ಡೇವಿಡ್ ಡಿ ಹೆಯಾ ತಡವರಿಸಿದ್ದ. ಇಂಗ್ಲೆಂಡಿನಲ್ಲಿ ಅವನ ಮೊದಲ ಅಧಿಕೃತ ಪಂದ್ಯ ಅದು.

ವಿರಾಮದಲ್ಲಿ ಯುನೈಟೆಡ್ ತರಬೇತುದಾರ ಅಲೆಕ್ಸ್ ಫರ್ಗುಸನ್ ಮೂರು ಬದಲಾವಣೆ ಒಟ್ಟಿಗೆ ಮಾಡಿದರು. ಹೊರಗೆ: ರಿಯೊ ಫರ್ಡಿನೆಂಡ್, ನೆಮಾನ್ಯ ವಿದಿಚ್, ಮೈಕಲ್ ಕ್ಯಾರಿಕ್. ಒಳಗೆ: ಜಾನಿ ಎವನ್ಸ್, ಫಿಲ್ ಜೋನ್ಸ್, ಟಾಮ್ ಕ್ಲೆವರ್ಲಿ. ಕ್ಲಬ್‌ನ ಅತ್ಯಂತ ಅನುಭವಿ ಡಿಫೆನ್ಸ್ ಜೋಡಿಯನ್ನೇ ಎತ್ತಿ ಹುಡುಗರನ್ನಿಳಿಸಿದರು. ನಿಜವಾದ ಫೈನಲ್‌ನಲ್ಲಿ 2-0 ಹಿಂದಿದ್ದಾಗ ಯಾವ ತರಬೇತುದಾರನೂ ಮಾಡುವ ಕೆಲಸವಲ್ಲ. ಶೀಲ್ಡ್‌ನಲ್ಲಿ ಸಾಧ್ಯವಾಗುವುದು ಇದೇ: ಸೋಲಿನ ಬೆಲೆ ಚಿಕ್ಕದು, ಹಾಗಾಗಿ ಧೈರ್ಯ ಅಗ್ಗ. ಹುಡುಗರ ಕಾಲು ಹಗುರವಾಗಿತ್ತು, ಚೆಂಡು ವೇಗವಾಗಿ ಕಾಲಿಂದ ಕಾಲಿಗೆ ಹರಿಯತೊಡಗಿತು. 52ನೇ ನಿಮಿಷ, ಆಶ್ಲಿ ಯಂಗ್‌ನ ಫ್ರೀಕಿಕ್‌ಗೆ ಸ್ಮಾಲಿಂಗ್‌ನ ಗೋಲು. 58ನೇ ನಿಮಿಷ, ಕ್ಲೆವರ್ಲಿ, ರೂನಿ, ನಾನಿ ಸರಸರನೆ ಪಾಸ್ ಮಾಡಿ ನಾನಿ ಮುಗಿಸಿದ ಗೋಲು. ಈ ಪಂದ್ಯದ ಇತಿಹಾಸದಲ್ಲೇ ಇಷ್ಟು ಚೆಂದದ ಗೋಲುಗಳು ಕಡಿಮೆ. 94ನೇ ನಿಮಿಷ ಸಿಟಿಯ ಕೊನೆಯ ಡಿಫೆಂಡರ್ ಕೊಂಪನಿ ಚೆಂಡನ್ನು ಕೈಬಿಟ್ಟ, ನಾನಿ ಕಸಿದುಕೊಂಡು ಅರ್ಧ ಮೈದಾನ ಓಡಿ ಗೋಲ್‌ಕೀಪರ್ ಹಾರ್ಟ್‌ನನ್ನೂ ಸುತ್ತುಹಾಕಿ 3-2 ಮಾಡಿದ.

ಆಗ ಎಲ್ಲರೂ ಹೇಳಿದ್ದು ಒಂದೇ: ಸಿಟಿಗೆ ಇನ್ನೂ ಕಾಲ ಬಂದಿಲ್ಲ. ಆದರೆ ಹೊಸದಾಗಿ ಕೊಂಡಿದ್ದ ಸೆರ್ಹಿಯೊ ಅಗ್ವೆರೊ ಆ ದಿನ ಅಂಗಳಕ್ಕಿಳಿದಿರಲಿಲ್ಲ. ಅಕ್ಟೋಬರ್ 23ರಂದು ಯುನೈಟೆಡ್‌ನ ಸ್ವಂತ ಮೈದಾನದಲ್ಲೇ ಸಿಟಿ 6-1 ಗೆದ್ದಿತು. ಋತುವಿನ ಕೊನೆಗೆ ಎರಡೂ ತಂಡಗಳಿಗೆ 89 ಅಂಕ. ಗೋಲುಗಳ ಅಂತರ ಸಿಟಿಗೆ 64, ಯುನೈಟೆಡ್‌ಗೆ 56. ಲೀಗ್ ಸಿಟಿಯದಾಯಿತು, ಅಗ್ವೆರೊ ಕೊನೆಯ ದಿನ ಹೊಡೆದ ಗೋಲಿನಿಂದ.

ಪೆನಾಲ್ಟಿಗೆ ನೇರ ದಾರಿ

ತೊಂಬತ್ತು ನಿಮಿಷಕ್ಕೆ ಸಮವಾದರೆ ಹೆಚ್ಚುವರಿ ಮೂವತ್ತು ನಿಮಿಷವಿಲ್ಲ. ಕಾರಣ ಮೇಲೆ ಹೇಳಿದ ದೇಹದ ಲೆಕ್ಕವೇ: ಆರೇಳು ದಿನದಲ್ಲಿ ಲೀಗ್ ಇದೆ. ಹಿಂದೆ ಸಮವಾದರೆ ಶೀಲ್ಡನ್ನು ಇಬ್ಬರೂ ಆರಾರು ತಿಂಗಳು ಇಟ್ಟುಕೊಳ್ಳುತ್ತಿದ್ದರು. 1991ರದು ಹಾಗೆ ಹಂಚಿಕೊಂಡ ಕೊನೆಯ ಪಂದ್ಯ. 1993ರಿಂದ ಪೆನಾಲ್ಟಿ ಖಾಯಂ ಆಯಿತು.

ಶೂಟೌಟ್‌ನಲ್ಲಿ, ಅಂದರೆ ಈ ಪೆನಾಲ್ಟಿ ಸರದಿಯಲ್ಲಿ, ಪಂದ್ಯದ ಕೊನೆಗೆ ಅಂಗಳದಲ್ಲಿದ್ದವರಷ್ಟೇ ಒದೆಯಬಹುದು. ಬದಲಿಗಳನ್ನು ಕೊನೆಯಲ್ಲಿ ಇಳಿಸುವಾಗ ಯಾರು ಪೆನಾಲ್ಟಿ ಚೆನ್ನಾಗಿ ಹೊಡೆಯುತ್ತಾರೆಂಬುದೂ ತಲೆಯಲ್ಲಿರಬೇಕು. ಗೋಲ್‌ಕೀಪರ್‌ನ ಒಂದು ಪಾದವಾದರೂ ಗೆರೆಯ ಮೇಲಿರಬೇಕು, ಇಲ್ಲದಿದ್ದರೆ ತಡೆದ ಒದೆತ ಮತ್ತೆ ಒದೆಯುವುದಾಗುತ್ತದೆ. 2017ರಲ್ಲಿ ಆರ್ಸೆನಲ್ ಮತ್ತು ಚೆಲ್ಸಿ ಪಂದ್ಯದಲ್ಲಿ ಸರದಿಯನ್ನು ಬದಲಿಸಿ ನೋಡಿದರು: ಮೊದಲ ತಂಡ ಒಂದು, ಎರಡನೇ ತಂಡ ಎರಡು, ಮತ್ತೆ ಮೊದಲ ತಂಡ ಎರಡು, ಹೀಗೆ. ಪ್ರತಿ ಸಲ ಎರಡನೆಯವರಾಗಿ ಒದೆಯುವವರ ಮೇಲಿನ ಒತ್ತಡ ತಗ್ಗಿಸುವುದು ಉದ್ದೇಶ. ಚೆಲ್ಸಿ ಗೋಲ್‌ಕೀಪರ್ ಕುರ್ಟ್ವಾ ಒದ್ದು ಹೊರಗೆ ಹಾಕಿದ, ಮೊರಾಟ ಕೂಡ. ಆರ್ಸೆನಲ್ 4-1 ಗೆದ್ದಿತು. ಮುಂದಿನ ವರ್ಷ ಆ ಪ್ರಯೋಗ ಕೈಬಿಟ್ಟರು, ಹಳೆಯ ಸರದಿಯೇ ಉಳಿದಿದೆ.

2024ರ ಸರದಿ ಹೀಗೆ ಸಾಗಿತು. ಯುನೈಟೆಡ್‌ನ ಬ್ರೂನೊ ಫೆರ್ನಾಂಡಿಸ್ ಹೊಡೆದ. ಸಿಟಿಯ ಬರ್ನಾರ್ಡೊ ಸಿಲ್ವನ ಒದೆತವನ್ನು ಯುನೈಟೆಡ್ ಗೋಲ್‌ಕೀಪರ್ ಒನಾನ ತಡೆದ, ಅಂದರೆ ಸಿಟಿ ಮೊದಲ ಹೆಜ್ಜೆಯಲ್ಲೇ ಹಿಂದೆ. ಡಾಲೊ ಮತ್ತು ಗರ್ನಾಚೊ ಯುನೈಟೆಡ್‌ಗೆ, ಡಿ ಬ್ರೂಯ್ನ ಮತ್ತು ಹಾಲಂಡ್ ಸಿಟಿಗೆ ಹೊಡೆದರು. ನಾಲ್ಕನೇ ಸುತ್ತಿನಲ್ಲಿ ಸಾಂಚೊನ ಒದೆತವನ್ನು ಎಡರ್ಸನ್ ತಡೆದ, ಸಾವಿನ್ಯೊ ಹೊಡೆದ. ಐದನೆಯದರಲ್ಲಿ ಕಾಸೆಮಿರೊ ಹೊಡೆದ ಮೇಲೆ ಸಿಟಿ ಪರ ಬಂದವನು ಗೋಲ್‌ಕೀಪರ್ ಎಡರ್ಸನ್ನೇ, ತಪ್ಪಿದರೆ ಪಂದ್ಯವೇ ಹೋಗುವ ಒದೆತಕ್ಕೆ. ಗೋಲು. 4-4. ಅಲ್ಲಿಂದ ಒಂದೊಂದೇ ಜೋಡಿಯ ಲೆಕ್ಕ. ಮ್ಯಾಕ್‌ಟಾಮಿನೆ, ನೂನೆಸ್, ಮಾರ್ಟಿನೆಸ್, ಡಿಯಾಸ್, 6-6. ಎಂಟನೆಯದರಲ್ಲಿ ಎವನ್ಸ್ ಚೆಂಡನ್ನು ಅಡ್ಡಕಂಬದ ಮೇಲಿಂದ ಆಚೆ ಹಾರಿಸಿದ, ಅಕಾಂಜಿ ಬಲೆಗೆ ಹಾಕಿದ. ಹಿಂದಿನ ಮೂರು ವರ್ಷ ಸತತವಾಗಿ ಈ ಪಂದ್ಯ ಸೋತಿದ್ದ ಸಿಟಿಗೆ ಅದು ಏಳನೇ ಶೀಲ್ಡ್. ಎಂಟು ಸುತ್ತಿನ ಒದೆತಗಾರರ ಪಟ್ಟಿಯಲ್ಲಿ ಎಷ್ಟು ಡಿಫೆಂಡರ್‌ಗಳಿದ್ದಾರೆಂದು ನೋಡಿ. ಐದರ ಆಚೆ ಹೋದಾಗ ಅಭ್ಯಾಸದಲ್ಲಿ ಯಾರೂ ಗಮನಿಸದ ಕಾಲುಗಳ ಮೇಲೆ ಫಲಿತಾಂಶ ನಿಲ್ಲುತ್ತದೆ.

ಫಲಿತಾಂಶ ಯಾಕೆ ಸುಳ್ಳು ಹೇಳುತ್ತದೆ

2022ರ ಜುಲೈ 30ರಂದು ಲೆಸ್ಟರ್‌ನಲ್ಲಿ ಲಿವರ್‌ಪೂಲ್ ಸಿಟಿಯನ್ನು 3-1ರಿಂದ ಸೋಲಿಸಿತು. ವೆಂಬ್ಲಿ ಆಗ ಮಹಿಳಾ ಯೂರೊ ಫೈನಲ್‌ಗೆ ಮೀಸಲಾಗಿತ್ತು. ಸಿಟಿಯ ಹೊಸ ಸ್ಟ್ರೈಕರ್ ಎರ್ಲಿಂಗ್ ಹಾಲಂಡ್ ಖಾಲಿ ಗೋಲಿನೆದುರು ಚೆಂಡನ್ನು ಅಡ್ಡಕಂಬಕ್ಕೆ ಬಾರಿಸಿದ. ಲಿವರ್‌ಪೂಲ್‌ನ ಹೊಸ ಸ್ಟ್ರೈಕರ್ ಡಾರ್ವಿನ್ ನೂನ್ಯೆಸ್ ಗೋಲು ಹೊಡೆದ. ಇಬ್ಬರ ಹೋಲಿಕೆ ವಾರವಿಡೀ ನಡೆಯಿತು. ಆ ಋತುವಿನಲ್ಲಿ ಹಾಲಂಡ್ ಲೀಗ್‌ನಲ್ಲಿ 36 ಗೋಲು ಹೊಡೆದು ದಾಖಲೆ ಬರೆದ, ಸಿಟಿ ಮೂರು ಪ್ರಶಸ್ತಿ ಗೆದ್ದಿತು, ಲಿವರ್‌ಪೂಲ್ ಐದನೇ ಸ್ಥಾನಕ್ಕೆ ಇಳಿಯಿತು. 2013ರಲ್ಲಿ ಡೇವಿಡ್ ಮಾಯ್ಸ್ ಯುನೈಟೆಡ್ ಹೊಣೆ ಹೊತ್ತ ಕೆಲವೇ ವಾರಕ್ಕೆ ಶೀಲ್ಡ್ ಗೆದ್ದರು. ಮುಂದಿನ ಏಪ್ರಿಲ್‌ನಲ್ಲಿ ಕೆಲಸ ಹೋಯಿತು.

ಇದಕ್ಕೊಂದು ಬಲವಾದ ಕಾರಣ ಆಟಗಾರರ ಮಾರುಕಟ್ಟೆ. ಶೀಲ್ಡ್ ನಡೆಯುವಾಗ ಅದು ತೆರೆದೇ ಇರುತ್ತದೆ, ಮುಚ್ಚುವುದು ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ. 2023ರಲ್ಲಿ ಸಿಟಿ ಪರ ಗೋಲು ಹೊಡೆದ ಪಾಮರ್ ತಿಂಗಳೊಳಗೆ ಚೆಲ್ಸಿ ಸೇರಿದ್ದ. 2024ರಲ್ಲಿ ಪೆನಾಲ್ಟಿ ಹೊಡೆದ ಮ್ಯಾಕ್‌ಟಾಮಿನೆ ಆ ತಿಂಗಳ ಕೊನೆಗೆ ನಾಪೊಲಿಗೆ ಹೋಗಿ ಅಲ್ಲಿ ಇಟಲಿಯ ಲೀಗ್ ಗೆದ್ದ. ಪೆನಾಲ್ಟಿಯಲ್ಲಿ ವಿಫಲನಾದ ಸಾಂಚೊ ಚೆಲ್ಸಿಗೆ ಎರವಲಾಗಿ ಹೋದ. ಡಿ ಲಿಖ್ಟ್ ಮತ್ತು ಮಜ್ರವಿ ಯುನೈಟೆಡ್ ಸೇರಿದ್ದು ಪಂದ್ಯ ಮುಗಿದ ಮೂರು ದಿನಕ್ಕೆ. ಸಿಟಿಯ ಸಮಬಲದ ಗೋಲಿಗೆ ಚೆಂಡು ಕೊಟ್ಟ ಬಾಬ್ ಅದೇ ವಾರ ತರಬೇತಿಯಲ್ಲಿ ಕಾಲು ಮುರಿದುಕೊಂಡ. ವೆಂಬ್ಲಿಯಲ್ಲಿ ಕಂಡ ತಂಡಗಳು ಸೆಪ್ಟೆಂಬರ್‌ನಲ್ಲಿ ಇರಲೇ ಇಲ್ಲ.

ಹಾಗಿದ್ದರೂ ಗೆದ್ದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 2017ರ ಮೇನಲ್ಲಿ ಯೂರೋಪಿನ ಕ್ಲಬ್‌ಗಳ ಟೂರ್ನಿಯಾದ ಯೂರೊಪಾ ಲೀಗ್ ಗೆದ್ದ ಮೇಲೆ ಯುನೈಟೆಡ್ ತರಬೇತುದಾರ ಜೊಸೆ ಮೊರಿನ್ಯೊ ಮೂರು ಬೆರಳೆತ್ತಿ ತೋರಿಸಿದರು. ಆ ಮೂರರಲ್ಲಿ ಒಂದು ಕಮ್ಯುನಿಟಿ ಶೀಲ್ಡ್. ಇದರಿಂದ ಯೂರೋಪಿನ ಟೂರ್ನಿಗೆ ಪ್ರವೇಶವಾಗಲಿ, ಲೀಗ್ ಅಂಕವಾಗಲಿ ಸಿಗದು. ಪ್ಯಾಲೇಸ್‌ನಂಥ ಕ್ಲಬ್‌ಗೆ ಮಾತ್ರ ಇದು ಬದುಕಿನ ದೊಡ್ಡ ದಿನ, ಅದನ್ನು ಯಾರೂ ಚಿಕ್ಕದು ಮಾಡಬಾರದು.

ಲೀಗ್ ಮತ್ತು ಕಪ್ ವಿಜೇತರನ್ನು ಎದುರುಬದುರು ನಿಲ್ಲಿಸುವ ಇಂಥ ಪಂದ್ಯಕ್ಕೆ ಬೇರೆ ದೇಶಗಳಲ್ಲಿ ಸೂಪರ್ ಕಪ್ ಎಂದು ಹೆಸರು. ಅವುಗಳ ಹಾದಿ ಬೇರೆ. ಸ್ಪೇನ್‌ನಲ್ಲಿ 2017ರ ತನಕ ಆಗಸ್ಟ್‌ನಲ್ಲೇ ಎರಡು ಪಂದ್ಯಗಳ ಸರಣಿ ಇತ್ತು. ಆ ವರ್ಷ ರಿಯಲ್ ಮ್ಯಾಡ್ರಿಡ್ ಬಾರ್ಸಿಲೋನವನ್ನು ಒಟ್ಟು 5-1ರಿಂದ ಸೋಲಿಸಿತು, ತೀರ್ಪುಗಾರರನ್ನು ತಳ್ಳಿದ ಕ್ರಿಸ್ಟಿಯಾನೊ ರೊನಾಲ್ಡೊಗೆ ಐದು ಪಂದ್ಯಗಳ ನಿಷೇಧ ಬಿತ್ತು. 2020ರಿಂದ ಅದು ನಾಲ್ಕು ತಂಡಗಳ ಟೂರ್ನಿಯಾಗಿ ಜನವರಿಗೆ, ಸೌದಿ ಅರೇಬಿಯಕ್ಕೆ ಹೋಯಿತು. ಇಟಲಿಯೂ ಅದೇ ದಾರಿ ಹಿಡಿಯಿತು. ಹಣ ಬಂತು, ಋತುವಿನ ಬಾಗಿಲು ತೆರೆಯುವ ಪಂದ್ಯ ಹೋಯಿತು. ಇದು ನಷ್ಟ ಎಂದೇ ನನ್ನ ಅಭಿಪ್ರಾಯ. ಭಾರತದ ಸೂಪರ್ ಕಪ್ ಹೆಸರಿನಲ್ಲಷ್ಟೇ ಇದಕ್ಕೆ ನೆಂಟ. ಬೆಂಗಳೂರು ಎಫ್‌ಸಿ 2018ರ ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲನ್ನು 4-1ರಿಂದ ಸೋಲಿಸಿ ಗೆದ್ದದ್ದು ಹಲವು ತಂಡಗಳ ನಾಕೌಟ್ ಟೂರ್ನಿ, ಅದೂ ಋತುವಿನ ಕೊನೆಗೆ. ನಮ್ಮಲ್ಲಿ ಋತು ತೆರೆಯುವ ಕೆಲಸವನ್ನು ಬಹುಮಟ್ಟಿಗೆ ಡುರಾಂಡ್ ಕಪ್ ಮಾಡುತ್ತದೆ.

ನೋಡುವಾಗ ಕಣ್ಣು ಎಲ್ಲಿರಲಿ

ಇಂಗ್ಲೆಂಡಿನ ಮಧ್ಯಾಹ್ನ ಮೂರಕ್ಕೆ ಶುರುವಾದರೆ ನಮಗೆ ಸಂಜೆ ಏಳೂವರೆ. ಒಂದು ಗಂಟೆ ಮುಂಚೆ ಹನ್ನೊಂದರ ಪಟ್ಟಿ ಬರುತ್ತದೆ. ಅದರಲ್ಲಿ ಯಾರು ಬೇಸಿಗೆಯಲ್ಲಿ ರಾಷ್ಟ್ರೀಯ ತಂಡಕ್ಕೆ ಆಡಿದ್ದರು, ಯಾರು ಜುಲೈಯಿಡೀ ಕ್ಲಬ್ ಜೊತೆಗಿದ್ದರು ಎಂದು ಮೊದಲು ಬೇರ್ಪಡಿಸಿ. ಎರಡನೇ ಗುಂಪು ದೊಡ್ಡದಿರುವ ತಂಡ ಕೊನೆಯ ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ.

ಮೊದಲಾರ್ಧದಲ್ಲಿ ಚೆಂಡಿನ ಬದಲು ಆಕಾರ ನೋಡಿ. ಗೋಲ್‌ಕೀಪರ್‌ನಿಂದ ಆಟ ಶುರುವಾದಾಗ ಡಿಫೆಂಡರ್‌ಗಳು ಎಲ್ಲಿ ನಿಲ್ಲುತ್ತಾರೆ, ಬದಿಯ ಡಿಫೆಂಡರ್ ನಡುವಿಗೆ ಸರಿಯುತ್ತಾನೆಯೇ, ಮುಂಚೂಣಿಯವನು ಹಿಂದಿಳಿದು ಚೆಂಡು ಪಡೆಯುತ್ತಾನೆಯೇ. ತರಬೇತುದಾರರು ಋತುವಿಗೆ ಯೋಚಿಸಿದ ಹೊಸತನ್ನು ಇಲ್ಲೇ ಮೊದಲು ಬಿಚ್ಚುತ್ತಾರೆ. ಆಕಾರ ಆಗಸ್ಟ್‌ನಿಂದ ಮೇವರೆಗೆ ಬಹುಮಟ್ಟಿಗೆ ಉಳಿಯುತ್ತದೆ, ಕಾಲಿನ ಕಸುವು ಮೂರು ವಾರದಲ್ಲಿ ಬದಲಾಗುತ್ತದೆ.

ನಿಯಮಗಳ ಮೇಲೂ ಗಮನವಿಡಿ, ಏಕೆಂದರೆ ಹೊಸ ನಿಯಮಗಳು ಇಂಗ್ಲೆಂಡಿನಲ್ಲಿ ಮೊದಲು ದೊಡ್ಡದಾಗಿ ಕಾಣಿಸುವುದು ಈ ಪಂದ್ಯದಲ್ಲೇ. ಚೆಂಡು ಗೆರೆ ದಾಟಿತೇ ಎಂದು ತೀರ್ಪುಗಾರರ ಕೈಗಡಿಯಾರಕ್ಕೆ ತಿಳಿಸುವ ತಂತ್ರಜ್ಞಾನ 2013ರ ಶೀಲ್ಡ್‌ನಲ್ಲಿ ಬಂತು. ಪೋಲಾದ ಸಮಯವನ್ನು ಪೂರ್ತಿ ಲೆಕ್ಕ ಹಾಕಿ ಸೇರಿಸಬೇಕೆಂಬ ಸೂಚನೆ 2023ರಲ್ಲಿ ಬಂದಾಗ ಫಲಕದಲ್ಲಿ ಎಂಟು ನಿಮಿಷ ತೋರಿಸಿದರು, ಅದೂ ಮುಂದುವರಿದು ಟ್ರೊಸಾರ್ಡ್‌ನ ಗೋಲು ಬಂತು. 2025ರ ಋತುವಿನಿಂದ ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ. ತೀರ್ಪುಗಾರರು ಕೈ ಎತ್ತಿ ಕೊನೆಯ ಐದು ಸೆಕೆಂಡನ್ನು ಬೆರಳಲ್ಲಿ ಎಣಿಸುವುದು ಟಿವಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅರವತ್ತನೇ ನಿಮಿಷದಿಂದ ಬದಲಿಗಳ ಸಾಲು ಶುರುವಾಗುತ್ತದೆ. ಅಲ್ಲಿಗೆ ಆಕಾರ ನೋಡುವುದನ್ನು ನಿಲ್ಲಿಸಬಹುದು, ಅದು ಒಡೆದಿರುತ್ತದೆ. ಒಬ್ಬ ಆಟಗಾರ ಕುಂಟದಿದ್ದರೂ ಐವತ್ತೈದನೇ ನಿಮಿಷಕ್ಕೆ ಹೊರಹೋದರೆ ಗಾಬರಿ ಬೇಡ, ಅವನ ಪಾಲಿನ ನಿಮಿಷಗಳು ಮುಂಚೆಯೇ ನಿಗದಿಯಾಗಿರುತ್ತವೆ. ಓಡುತ್ತಿದ್ದವನು ಥಟ್ಟನೆ ನಿಂತು ತೊಡೆಯ ಹಿಂಬದಿ ಹಿಡಿದುಕೊಂಡರೆ ಮಾತ್ರ ಆ ಕ್ಲಬ್‌ನ ಅಭಿಮಾನಿ ಚಿಂತಿಸಬೇಕು. ಲೀಗ್‌ನ ಮೊದಲ ಹಲವು ವಾರಗಳಿಗೆ ಅವನ ಜಾಗದಲ್ಲಿ ಯಾರೆಂದು ಹುಡುಕುವ ಕೆಲಸ ಅಲ್ಲಿಂದಲೇ ಶುರು.